ಬೀದಿಯಲ್ಲಿರುವವರನ್ನು ಮನೆಗೆ ಸೇರಿಸುವ ಮುನ್ನ

ಪ್ರಶ್ನೆ: ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನನ್ನದೊಂದು ಸಣ್ಣ ಬೇಕರಿ ಇದೆ. ಕಳೆದ ಮಳೆಗಾಲದಿಂದ ಸುಮಾರು ಐವತ್ತು ವರ್ಷದ ಒಬ್ಬರು ರಾತ್ರಿ ಹೊತ್ತು ನಮ್ಮ ಸಾಲಿನ ಅಂಗಡಿಗಳ ಜಗಲಿಯ ಮೇಲೆ ಮಲಗುತ್ತಾರೆ. ಯಾರಿಗೂ ತೊಂದರೆ ಕೊಟ್ಟವರಲ್ಲ. ಚಹಾ ಕೊಟ್ಟರೆ ಕುಡಿಯುತ್ತಾರೆ, ಒಮ್ಮೊಮ್ಮೆ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಾರೆ. ಊರು ಹೊಸಹಳ್ಳಿ, ಅಣ್ಣ ಇದ್ದಾನೆ ಎನ್ನುತ್ತಾರೆ; ಹೆಚ್ಚು ಕೇಳಿದರೆ ಎದ್ದು ಹೋಗುತ್ತಾರೆ. ವಿಡಿಯೊ ಮಾಡಿ ವಾಟ್ಸ್ಆ್ಯಪ್, ಫೇಸ್‌ಬುಕ್‌ಗೆ ಹಾಕಿದರೆ ಮನೆಯವರು ಸಿಗುತ್ತಾರೆ ಎಂದು ಪಕ್ಕದ ಅಂಗಡಿಯವರು ಹೇಳುತ್ತಿದ್ದಾರೆ. ಹಾಕಬಹುದೆ? ಮನೆ ಸಿಕ್ಕರೆ ನಾವೇ ಬಸ್ ಹತ್ತಿಸಿ ಕಳಿಸಬಹುದೆ? ಇಷ್ಟು ದಿನ ಹುಡುಕದ ಮನೆಯವರು ಈಗ ಸೇರಿಸಿಕೊಳ್ಳುತ್ತಾರೆಯೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೂ ಮೊದಲೇ ನೇರವಾಗಿ ಉತ್ತರಿಸಿಬಿಡುತ್ತೇನೆ. ವಿಡಿಯೊ ಹಾಕಬೇಡಿ. ಮನೆ ಪತ್ತೆಯಾದರೂ ಅವರೊಬ್ಬರನ್ನೇ ಬಸ್ ಹತ್ತಿಸಿ ಕಳಿಸಬೇಡಿ. ಮನೆಯವರು ಸೇರಿಸಿಕೊಳ್ಳುವರೇ ಎಂಬುದು, ಅವರನ್ನು ನಾವು ಮೊದಲ ಸಲ ಹೇಗೆ ಮಾತಾಡಿಸುತ್ತೇವೆ ಮತ್ತು ಮನೆ ಮುಟ್ಟಿಸಿದ ಮೇಲೆ ಎಷ್ಟು ತಿಂಗಳು ಬೆನ್ನಿಗಿರುತ್ತೇವೆ ಎಂಬುದನ್ನು ಬಹುಪಾಲು ಅವಲಂಬಿಸಿದೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಈ ಕೆಲಸದಲ್ಲಿರುವ ನನ್ನ ಅಭಿಪ್ರಾಯದಲ್ಲಿ ವಿಳಾಸ ಸಿಕ್ಕುವುದು ಈ ಕೆಲಸದ ಅರ್ಧವೂ ಅಲ್ಲ. ಹೋಗಬೇಕಾದವರಿಗೆ ಹೋಗುವ ಮನಸ್ಸಿರಬೇಕು, ಬರಮಾಡಿಕೊಳ್ಳುವವರಿಗೆ ಅವರನ್ನು ನೋಡಿಕೊಳ್ಳುವ ಶಕ್ತಿ ಇರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಕಳಿಸಿದವರು ಮತ್ತೆ ಬೀದಿಗೇ ಬರುತ್ತಾರೆ, ಅದೂ ಈ ಬಾರಿ ಹುಡುಕಲು ಇನ್ನಷ್ಟು ಕಷ್ಟವಾಗುವ ಊರಿಗೆ.

ನಿಮ್ಮ ಕೊನೆಯ ಪ್ರಶ್ನೆಯಲ್ಲಿ ಮನೆಯವರ ಬಗ್ಗೆ ಒಂದು ತೀರ್ಮಾನ ಆಗಲೇ ಆಗಿಹೋದಂತಿದೆ. ದಯವಿಟ್ಟು ಅದನ್ನು ಸ್ವಲ್ಪ ತಡೆಹಿಡಿಯಿರಿ. ಕೂಲಿ ಮಾಡಿ ಬದುಕುವ ಕುಟುಂಬವೊಂದು ಕಾಣೆಯಾದವರನ್ನು ಹುಡುಕುವುದೆಂದರೆ ಠಾಣೆಗೆ ಒಂದು ದೂರು ಕೊಟ್ಟು, ನೆಂಟರೂರುಗಳಿಗೆ ಫೋನ್ ಮಾಡಿ, ಕೂಲಿ ಬಿಟ್ಟು ಸಂತೆ, ಜಾತ್ರೆ, ಮಠ, ದರ್ಗಾ ಸುತ್ತಿ, ಶಾಸ್ತ್ರ ಕೇಳಿ, ಕೈಯಲ್ಲಿದ್ದ ಹಣ ಮುಗಿದ ಮೇಲೆ ದೇವರ ಮೇಲೆ ಭಾರ ಹಾಕಿ ಕೂರುವುದು. ಅದನ್ನು ಹುಡುಕಲಿಲ್ಲ ಎನ್ನಲಾಗದು. ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗ ಮತ್ತು ರಾಷ್ಟ್ರೀಯ ಹೆದ್ದಾರಿ 48 ಎರಡೂ ಹಾದುಹೋಗುವ ದಾವಣಗೆರೆಯಂಥ ಊರಿಗೆ ಯಾವುದೋ ರೈಲಿನಲ್ಲಿ ಕುಳಿತವರು, ಯಾವುದೋ ಲಾರಿ ಹತ್ತಿದವರು ಬಂದು ಇಳಿಯುತ್ತಾರೆ. ಮನೆಯವರಿಗೆ ಈ ಊರಿನ ಹೆಸರೇ ಹೊಳೆದಿರುವುದಿಲ್ಲ. ಜಗಳೂರು, ಹರಪನಹಳ್ಳಿ, ಮೊಳಕಾಲ್ಮುರು ಕಡೆಯಿಂದ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಕ್ಕೋ ಗುಳೆ ಹೋದವರು ಅಲ್ಲಿ ಕಾಯಿಲೆ ಬಿದ್ದು, ಕೆಲಸ ಕಳೆದುಕೊಂಡು, ಬರಿಗೈಯಲ್ಲಿ ಊರಿಗೆ ಹೋಗಲು ನಾಚಿ ನಡುದಾರಿಯಲ್ಲೇ ಉಳಿದುಬಿಡುವುದೂ ಉಂಟು.

ಹಾಗೆಂದು ಎಲ್ಲ ಮನೆಗಳೂ ಕಾಯುತ್ತಿರುತ್ತವೆ ಎಂದೂ ನಾನು ಹೇಳುವುದಿಲ್ಲ. ಹೊಡೆತ ತಾಳದೆ ಓಡಿಬಂದವರಿದ್ದಾರೆ, ಆಸ್ತಿ ಬರೆಸಿಕೊಂಡ ಮೇಲೆ ಹೊರಗೆ ಹಾಕಿಸಿಕೊಂಡ ವೃದ್ಧರಿದ್ದಾರೆ, ಆಸ್ಪತ್ರೆಗೆಂದು ಕರೆತಂದು ಬಸ್ ನಿಲ್ದಾಣದಲ್ಲೇ ಬಿಟ್ಟುಹೋದ ನಿದರ್ಶನಗಳಿವೆ. ನಿಮ್ಮ ಜಗಲಿಯ ಮೇಲೆ ಮಲಗುವವರು ಇವರಲ್ಲಿ ಯಾರು ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಊರಿನ ಮಾತೆತ್ತಿದರೆ ಎದ್ದು ಹೋಗುತ್ತಾರೆ ಎಂದು ಬರೆದಿದ್ದೀರಿ. ಅದು ನೆನಪಿನ ತೊಂದರೆಯಿರಬಹುದು, ಭಯವಿರಬಹುದು, ನಾಚಿಕೆಯಿರಬಹುದು. ಯಾವುದೇ ಆಗಿದ್ದರೂ ಆ ಎದ್ದು ಹೋಗುವಿಕೆಯನ್ನು ಸದ್ಯಕ್ಕೆ ಅವರ ಉತ್ತರವೆಂದೇ ಸ್ವೀಕರಿಸಬೇಕು.

ಆದ್ದರಿಂದ ಮನೆಯ ವಿಚಾರಕ್ಕೆ ಮೊದಲು ಆರೋಗ್ಯದ ವಿಚಾರ ಬರಬೇಕು. ಒಬ್ಬರೇ ಮಾತಾಡಿಕೊಳ್ಳುವುದೆಲ್ಲ ಮಾನಸಿಕ ಕಾಯಿಲೆಯಲ್ಲ. ತಿಂಗಳುಗಟ್ಟಲೆ ಯಾರೂ ಮಾತಾಡಿಸದಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ಕುಡಿತದಿಂದ ನರಗಳು ಸೋತಿದ್ದರೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದರೆ ಮನುಷ್ಯ ಹಾಗೆ ಕಾಣಿಸಬಹುದು. ವೈದ್ಯರೇ ನೋಡಿ ಹೇಳಬೇಕು. ಇಲ್ಲಿ ಕಾನೂನು ನಿಮ್ಮ ನೆರವಿಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಪ್ರಕರಣದ ಪ್ರಕಾರ, ಮಾನಸಿಕ ಕಾಯಿಲೆಯಿಂದ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುತ್ತಿದ್ದಾರೆ ಎಂದು ನಂಬಲು ಕಾರಣವಿರುವ ವ್ಯಕ್ತಿಯನ್ನು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಆ ವ್ಯಾಪ್ತಿಯ ಠಾಣಾಧಿಕಾರಿಯ ಕರ್ತವ್ಯ. ಅಂಥವರನ್ನು ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಾಣೆಯಾದವರ ಪ್ರಕರಣವೆಂದು ಎಫ್‌ಐಆರ್ ದಾಖಲಿಸಬೇಕು, ಕುಟುಂಬವನ್ನು ಪತ್ತೆಹಚ್ಚಿ ವಿಷಯ ತಿಳಿಸಬೇಕು ಎಂದೂ ಕಾಯ್ದೆಯ ಅದೇ 100ನೇ ಪ್ರಕರಣ ಹೇಳುತ್ತದೆ. ಈ ಮಾತು ಅನೇಕರಿಗೆ ತಿಳಿದೇ ಇಲ್ಲ. ಮನೆ ಹುಡುಕುವುದು ಯಾರೋ ದಯಾಳುಗಳ ಕೆಲಸ ಎಂದು ಜನ ತಿಳಿದಿದ್ದಾರೆ. ಅದು ಠಾಣೆಯ ಕಾನೂನುಬದ್ಧ ಹೊಣೆ. ಹತ್ತು ವರ್ಷದ ಹಿಂದೆ ಬೇರೊಂದು ಜಿಲ್ಲೆಯಲ್ಲಿ ಕೊಟ್ಟ ನಾಪತ್ತೆ ದೂರಿನೊಂದಿಗೆ ಈ ವ್ಯಕ್ತಿಯ ಚಹರೆಯನ್ನು ತಾಳೆ ನೋಡಲು ಠಾಣೆಗೆ ಸಾಧ್ಯ, ನಿಮಗೆ ಸಾಧ್ಯವಿಲ್ಲ.

ಠಾಣೆಗೆ ಹೋಗುವಾಗ ಇಬ್ಬರು ಅಂಗಡಿಯವರು ಜೊತೆಯಾಗಿ ಹೋಗಿ, ನೀವು ಕಂಡದ್ದನ್ನು ಬರೆದು ಕೊಡಿ, ಹಿಂಬರಹ ಕೇಳಿ ಪಡೆಯಿರಿ. ಅವರನ್ನು ಕರೆದೊಯ್ಯುವ ದಿನ ಪರಿಚಿತ ಮುಖವೊಂದು ಪಕ್ಕದಲ್ಲಿರಲಿ. ಖಾಕಿ ಕಂಡು ಓಡಿಹೋದವರನ್ನು ಮತ್ತೆ ನಂಬಿಸುವುದು ಬಹಳ ಕಷ್ಟ. ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ತೋರಿಸಲು ಬಿಪಿಎಲ್ ಕಾರ್ಡ್ ಬೇಕೇಬೇಕು ಎಂದು ಯಾರಾದರೂ ಹೇಳಿದರೆ, ನಿರ್ಗತಿಕರಿಗೆ ಮತ್ತು ವಸತಿರಹಿತರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಸಂಪೂರ್ಣ ಉಚಿತವೆಂದು ಅದೇ ಕಾಯ್ದೆಯ 18ನೇ ಪ್ರಕರಣ ಹೇಳುತ್ತದೆ ಎಂಬುದನ್ನು ವಿನಯದಿಂದ ನೆನಪಿಸಿ. ಏನು ಮಾಡಬೇಕೆಂದು ತೋಚದಿದ್ದರೆ 14416 ಸಂಖ್ಯೆಯ ಟೆಲಿಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಕಾಯಿಲೆ ಇಲ್ಲವೆಂದು ವೈದ್ಯರು ಹೇಳಿದರೆ ಮಹಾನಗರ ಪಾಲಿಕೆಯನ್ನು ಸಂಪರ್ಕಿಸಿ, ವಸತಿರಹಿತರ ಆಶ್ರಯ ಕೇಂದ್ರದಲ್ಲಿ ಜಾಗ ಕೇಳುವುದು ಸರಿಯಾದ ದಾರಿ. ನಿರಾಶ್ರಿತರ ಪರಿಹಾರ ಕೇಂದ್ರದ ಹೆಸರೂ ನಿಮ್ಮ ಕಿವಿಗೆ ಬಿದ್ದಿರಬಹುದು; ಅದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವ ವ್ಯವಸ್ಥೆ, ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಸೇರಿರುವ ಶೇಕಡ 3ರ ಭಿಕ್ಷುಕರ ಉಪಕರ ಅಲ್ಲಿಗೇ ಹೋಗುತ್ತದೆ. ಆದರೆ ಯಾರ ಮುಂದೆಯೂ ಕೈಯೊಡ್ಡದ ಮನುಷ್ಯನನ್ನು ಭಿಕ್ಷುಕನೆಂದು ವಾಹನಕ್ಕೆ ಹತ್ತಿಸುವುದು ಅನ್ಯಾಯವಾಗುತ್ತದೆ.

ಈಗ ಊರು ಪತ್ತೆಹಚ್ಚುವ ವಿಚಾರ. ಹೊಸಹಳ್ಳಿ ಎಂಬ ಹೆಸರಿನ ಊರುಗಳು ಕರ್ನಾಟಕದ ಎಷ್ಟೋ ತಾಲ್ಲೂಕುಗಳಲ್ಲಿ ಇರುವುದರಿಂದ ಊರಿನ ಹೆಸರಿನಿಂದ ಏನೂ ತಿಳಿಯುವುದಿಲ್ಲ. ‘ನಿಮ್ಮ ವಿಳಾಸವೇನು’ ಎಂಬ ಪ್ರಶ್ನೆ ಕಚೇರಿಯ ಪ್ರಶ್ನೆ. ಹೆದರಿದವರು ಅದಕ್ಕೆ ಬಾಯಿ ಕಟ್ಟಿಕೊಳ್ಳುತ್ತಾರೆ. ಬದಲಿಗೆ ಚಹಾ ಕೊಡುವಾಗ, ಉತ್ತರದ ಆತುರ ತೋರಿಸದೆ, ದಿನಕ್ಕೊಂದು ಮಾತು ಕೇಳಿ. ನಿಮ್ಮೂರ ಸಂತೆ ಯಾವ ವಾರ? ಸಂತೆಗೆ ನಡೆದು ಹೋಗುತ್ತಿದ್ದಿರೋ, ಬಸ್ಸಿಗೋ? ಬಸ್ಸಾದರೆ ಎಲ್ಲಿ ಇಳಿಯುತ್ತಿದ್ದಿರಿ? ಹೊಲದಲ್ಲಿ ಮೆಕ್ಕೆಜೋಳವೋ ಶೇಂಗಾವೋ, ಅಡಿಕೆ ತೋಟವಿತ್ತೋ? ಮನೆದೇವರು ಯಾರು? ಈ ಕೊನೆಯ ಪ್ರಶ್ನೆಯ ಬೆಲೆ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಊರಿನ ಹೆಸರು ಮರೆತವರೂ ಮನೆದೇವರ ಹೆಸರನ್ನು ಮರೆತಿರುವುದಿಲ್ಲ. ಉಚ್ಚಂಗೆಮ್ಮನಿಗೆ ಭರತ ಹುಣ್ಣಿಮೆಗೆ ಹೋಗುತ್ತಿದ್ದೆವು ಎಂದರೆ ಒಂದು ದಿಕ್ಕು, ನಾಯಕನಹಟ್ಟಿ ತೇರಿಗೆ ಬಂಡಿ ಕಟ್ಟುತ್ತಿದ್ದೆವು ಎಂದರೆ ಇನ್ನೊಂದು ದಿಕ್ಕು, ಮೈಲಾರದ ಕಾರಣಿಕದ ಮಾತು ಬಂದರೆ ಮತ್ತೊಂದು. ಬಂಡಿ ಕಟ್ಟಿದ ದಾರಿಯಲ್ಲಿ ಎಲ್ಲಿ ಬುತ್ತಿ ಬಿಚ್ಚುತ್ತಿದ್ದಿರಿ, ಯಾವ ಕೆರೆ ಏರಿ ದಾಟುತ್ತಿದ್ದಿರಿ ಎಂದು ಕೇಳುತ್ತ ಹೋದರೆ ತಾಲ್ಲೂಕು ಮಾತ್ರವಲ್ಲ, ಹೋಬಳಿಯೂ ತಿಳಿಯುತ್ತದೆ. ಲಂಬಾಣಿ ಮಾತಾಡುವವರಾದರೆ ತಾಂಡಾದ ನಾಯಕರ ಹೆಸರು ಕೇಳಿ. ಸೇವಾಲಾಲರ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಬೇರೆ ರಾಜ್ಯಗಳ ತಾಂಡಾಗಳಿಂದಲೂ ಜನ ಬರುತ್ತಾರೆ, ಅಂಥ ಸಂದರ್ಭದಲ್ಲಿ ಹಿರಿಯರ ಮೂಲಕ ವಿಚಾರಿಸಿದರೆ ಸುದ್ದಿ ದೂರ ತಲುಪುತ್ತದೆ. ಕೇಳಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ, ಅವರು ಆಡಿದ ಹಾಗೆಯೇ ಬರೆದಿಡಿ. ನಿಮಗೆ ಅರ್ಥವಿಲ್ಲವೆಂದು ಕಂಡ ಒಂದು ಹೆಸರು ಆ ಸೀಮೆಯವರಿಗೆ ತಟ್ಟನೆ ಹೊಳೆಯಬಹುದು.

ಆಧಾರ್‌ನಿಂದ ಆಗದೇ ಎಂದು ಅನೇಕರು ಕೇಳುತ್ತಾರೆ. ಠಾಣೆಯವರಾಗಲಿ ಸಂಸ್ಥೆಯವರಾಗಲಿ ಬೆರಳಚ್ಚು ತೆಗೆದು ಕಳಿಸಿ ಹೆಸರು ಪಡೆಯುವುದಕ್ಕೆ ಆಧಾರ್ ಕಾನೂನು ಅವಕಾಶ ಕೊಡುವುದಿಲ್ಲ. ಆದರೆ ಮೊದಲೇ ನೋಂದಣಿಯಾದವರು ಹೊಸದಾಗಿ ನೋಂದಾಯಿಸಲು ಹೋದರೆ ಅರ್ಜಿ ತಿರಸ್ಕೃತವಾಗುತ್ತದೆ. ಹಾಗಾದಾಗ ಅವರೇ ಒಪ್ಪಿ, ಅವರದೇ ಬೆರಳು ಕೊಟ್ಟು, ಸೇವಾ ಕೇಂದ್ರದ ಮೂಲಕ ಹಳೆಯ ಸಂಖ್ಯೆಯನ್ನು ಮರಳಿ ಪಡೆಯಲು ಯತ್ನಿಸಬಹುದು. ದೇಶದ ಹಲವೆಡೆ ಈ ದಾರಿಯಲ್ಲಿ ಮನೆ ಸಿಕ್ಕಿದೆ. ಚಿಕಿತ್ಸೆ ಶುರುವಾಗಿ ಮನಸ್ಸು ಒಂದು ಹದಕ್ಕೆ ಬಂದ ಮೇಲೆ ಮಾಡುವ ಕೆಲಸ ಇದು.

ವಿಡಿಯೊ ಏಕೆ ಬೇಡ ಎಂಬುದಕ್ಕೆ ಬರೋಣ. ಹರಿದ ಬಟ್ಟೆ, ಜಡೆಗಟ್ಟಿದ ಕೂದಲಿನ ಮುಖವೊಂದು ಒಮ್ಮೆ ಫೋನಿನಿಂದ ಫೋನಿಗೆ ಹರಿದರೆ ಅದನ್ನು ಯಾರೂ ಅಳಿಸಲಾರರು. ನಾಳೆ ಇವರು ಗುಣವಾಗಿ ಊರಿನಲ್ಲಿ ಹೊಲಕ್ಕೆ ಹೋಗುವಾಗಲೂ ಆ ವಿಡಿಯೊ ಅಲ್ಲಿನ ಹುಡುಗರ ಫೋನಿನಲ್ಲಿ ಇರುತ್ತದೆ. ಮದುವೆ ವಯಸ್ಸಿನ ಮಗಳಿದ್ದರೆ ಅವಳ ಸಂಬಂಧದ ಮಾತುಕತೆಯಲ್ಲಿ ಅದು ಹೊರಬರುತ್ತದೆ. ಒಪ್ಪಿಕೊಳ್ಳುತ್ತಿದ್ದ ಮನೆಯೂ ಆ ಅವಮಾನಕ್ಕೆ ಬಾಗಿಲು ಹಾಕಿಕೊಳ್ಳಬಹುದು. ಇವರು ಯಾರಿಗೋ ಹೆದರಿ ಓಡಿಬಂದವರಾಗಿದ್ದರೆ ನೀವು ಆ ಹೆದರಿಸಿದವರಿಗೇ ವಿಳಾಸ ಕೊಟ್ಟಂತಾಗುತ್ತದೆ, ಮತ್ತು ಸಂಬಂಧಿಕರೆಂದು ಹೇಳಿಕೊಂಡು ಬರುವವರೆಲ್ಲ ಸಂಬಂಧಿಕರಾಗಿರುವುದಿಲ್ಲ. ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಚಿತ್ರವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಬಾರದೆಂದು 2017ರ ಕಾಯ್ದೆಯಲ್ಲೇ ಇದೆ. ಠಾಣೆ ತೆಗೆದ ಶುಭ್ರವಾದ ಒಂದು ಫೋಟೊ, ಆಯಾ ಸೀಮೆಯ ಠಾಣೆಗೆ, ಗ್ರಾಮ ಪಂಚಾಯಿತಿಯ ಪಿಡಿಒಗೆ, ಆಶಾ ಕಾರ್ಯಕರ್ತೆಗೆ ಮಾತ್ರ ಹೋದರೆ ಸಾಕು.

ಮನೆಯವರಿಗೆ ಮಾಡುವ ಮೊದಲ ಕರೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಕೆಲಸ ಕೆಡುವುದು ಅಲ್ಲೇ. ‘ನಿಮ್ಮ ತಮ್ಮ ನಮ್ಮ ಹತ್ತಿರ ಇದ್ದಾನೆ, ಬಂದು ಕರೆದುಕೊಂಡು ಹೋಗಿ’ ಎಂದು ಶುರುವಾದ ಕರೆಗೆ ಆ ಕಡೆಯಿಂದ ಬರುವ ಉತ್ತರ ಎಷ್ಟೋ ಸಲ ಮೌನ, ಆಮೇಲೆ ‘ಯಾವ ತಮ್ಮ?’ ಎಂಬ ಪ್ರಶ್ನೆ. ಕೇಳಿದವರಿಗೆ ಅದು ಕಲ್ಲೆದೆ ಎನಿಸುತ್ತದೆ. ಆದರೆ ಆ ಮನೆಯ ಒಳಗನ್ನು ಊಹಿಸಿಕೊಳ್ಳಿ. ಬಾರದವರು ಸತ್ತರೆಂದು ತಿಳಿದು ಕಾರ್ಯ ಮಾಡಿ ಮುಗಿಸಿರುತ್ತಾರೆ. ಹೆಂಡತಿ ತವರಿಗೆ ಹೋಗಿರುತ್ತಾಳೆ, ಇಲ್ಲವೇ ಬೇರೆ ಬದುಕು ಕಟ್ಟಿಕೊಂಡಿರುತ್ತಾಳೆ. ಏಳು ವರ್ಷ ಸುದ್ದಿಯಿಲ್ಲದವರನ್ನು ಮೃತರೆಂದು ಭಾವಿಸಲು ಕಾನೂನೇ ಅವಕಾಶ ಕೊಡುವುದರಿಂದ ಜಮೀನು ಪೌತಿ ಖಾತೆಯಾಗಿ ಪಹಣಿಯಲ್ಲಿ ಅಣ್ಣನ ಹೆಸರು ಕುಳಿತಿರುತ್ತದೆ. ಮನೆಬಿಟ್ಟು ಹೋಗುವ ಮುನ್ನ ಕಾಯಿಲೆಯ ಭರದಲ್ಲಿ ಅವರು ತಾಯಿಯ ಮೇಲೆ ಕೈಮಾಡಿರಲೂಬಹುದು. ಆ ನೆನಪು ಮನೆಯಲ್ಲಿ ಹಸಿಯಾಗಿರುತ್ತದೆ. ಇಷ್ಟೆಲ್ಲ ಒಮ್ಮೆಗೇ ಎದ್ದು ಬಂದಾಗ ಬಾಯಿಂದ ‘ನಮಗೆ ಗೊತ್ತಿಲ್ಲ’ ಎಂಬ ಮಾತು ಬರುವುದು ಸಹಜ.

ಹಾಗಾಗಿ ಮೊದಲ ಕರೆಯಲ್ಲಿ ಏನನ್ನೂ ಬೇಡಬಾರದು. ಅವರು ಜೀವಂತವಾಗಿದ್ದಾರೆ, ಹುಷಾರಾಗಿದ್ದಾರೆ, ಔಷಧಿ ತೆಗೆದುಕೊಳ್ಳುತ್ತಿದ್ದಾರೆ, ನಿಮ್ಮನ್ನು ನೆನೆಸುತ್ತಾರೆ, ಸದ್ಯಕ್ಕೆ ನೀವು ಏನೂ ಮಾಡಬೇಕಾಗಿಲ್ಲ, ಮನೆಯವರೆಲ್ಲ ಕೂತು ಮಾತಾಡಿ, ನಾವು ಮತ್ತೆ ಫೋನ್ ಮಾಡುತ್ತೇವೆ ಎಂದಷ್ಟೇ ಹೇಳಿ ಮುಗಿಸಬೇಕು. ಆಸ್ಪತ್ರೆಯ ಸಮಾಜ ಕಾರ್ಯಕರ್ತರೋ ಆ ಊರಿನ ಆಶಾ ಕಾರ್ಯಕರ್ತೆಯೋ ಈ ಮಾತು ಹೇಳಿದರೆ ಇನ್ನೂ ಒಳ್ಳೆಯದು. ಎರಡನೆಯ ಮಾತಿಗೆ ತಾಯಿಯೋ ಅಕ್ಕನೋ ಫೋನಿಗೆ ಬರುತ್ತಾರೆ. ಧ್ವನಿ ಕೇಳಿಸಿದ ಮೇಲೆ ‘ಊಟ ಆಯ್ತೇನಪ್ಪ?’ ಎಂಬ ಒಂದು ಮಾತಿನಿಂದ ಬಹಳಷ್ಟು ಕರಗುತ್ತದೆ. ಜಮೀನಿನ ಭಯವನ್ನು ಮಾತ್ರ ಮುಚ್ಚಿಡದೆ, ಅವರು ಪಾಲು ಕೇಳಲು ಬರುತ್ತಿಲ್ಲ ಎಂದು ಸುಳ್ಳು ಭರವಸೆಯನ್ನೂ ಕೊಡದೆ, ಊರ ಹಿರಿಯರ ಮುಂದೆ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯ ಉಚಿತ ನೆರವಿನಿಂದ ಬಗೆಹರಿಸಿಕೊಳ್ಳಬೇಕು. ಅವರ ಹಕ್ಕನ್ನು ಬಿಟ್ಟುಕೊಡಲು ನಮಗೆ ಅಧಿಕಾರವಿಲ್ಲ.

ಮನೆಯವರು ಬರಲು ಒಪ್ಪಿದರೆಂದರೆ ಅಲ್ಲಿ ಬೆಂಬಲವಿದೆ ಎಂದಲ್ಲ. ರಾತ್ರಿ ಎಲ್ಲಿ ಮಲಗಿಸುತ್ತೀರಿ, ಮಾತ್ರೆ ಯಾರ ಕೈಯಿಂದ ಕೊಡುತ್ತೀರಿ, ಹಗಲು ಎಲ್ಲರೂ ಕೂಲಿಗೆ ಹೋದಾಗ ಜೊತೆಗೆ ಯಾರಿರುತ್ತಾರೆ, ಮತ್ತೆ ಗಲಾಟೆಯಾದರೆ ಕಟ್ಟಿಹಾಕುತ್ತೀರೋ ಆಸ್ಪತ್ರೆಗೆ ತರುತ್ತೀರೋ ಎಂಬ ಪ್ರಶ್ನೆಗಳಿಗೆ ನೇರ ಉತ್ತರ ಬಂದರೆ ಅದು ಬೆಂಬಲ. ಊರಿಗೆ ಹೋಗಿ ಮನೆ ನೋಡಿ ಬರುವುದು ಇದಕ್ಕೇ. ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಇನ್ನಷ್ಟು ಕಠಿಣಳಾಗಿದ್ದೇನೆ: ಗಂಡನ ಹೆಸರು ಹೇಳಿದರು ಎಂದ ಮಾತ್ರಕ್ಕೆ ಗಂಡನಿಗೆ ಫೋನ್ ಮಾಡಬಾರದು, ಮೊದಲು 181 ಮಹಿಳಾ ಸಹಾಯವಾಣಿ ಅಥವಾ ಸಂಕಷ್ಟದಲ್ಲಿರುವ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರದವರು ಅವರೊಡನೆ ಒಂಟಿಯಾಗಿ ಮಾತಾಡಬೇಕು. ಮಕ್ಕಳು ಕಂಡರೆ ಊರು ಕೇರಿ ವಿಚಾರಿಸುತ್ತ ಕೂರದೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬೇಕು. ಅರವತ್ತು ದಾಟಿದವರಿಗೆ 14567 ಸಹಾಯವಾಣಿ ಇದೆ. ಮಕ್ಕಳೇ ಹೊರಹಾಕಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶ ಕೇಳಬಹುದು.

ಬಸ್ ಟಿಕೆಟ್ ಕೊಟ್ಟು ಕಳಿಸುವ ಪದ್ಧತಿ ಬೇರೆ ದೇಶಗಳಲ್ಲೂ ಇದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ 2005ರಿಂದ ಅಂಥದೊಂದು ಯೋಜನೆ ನಡೆಸಿತು; ಹೋದವರು ಆಮೇಲೆ ಏನಾದರು ಎಂದು ವಿಚಾರಿಸದಿರುವುದೇ ಇಂಥ ಯೋಜನೆಗಳ ಮೇಲಿನ ಮುಖ್ಯ ಆಕ್ಷೇಪ. ಇದಕ್ಕೆ ಎದುರಾಗಿ, ನ್ಯೂಯಾರ್ಕಿನಲ್ಲಿ ಆಶ್ರಯತಾಣದಿಂದ ಹೊರಟ, ತೀವ್ರ ಮಾನಸಿಕ ಕಾಯಿಲೆಯಿದ್ದ ಪುರುಷರಿಗೆ ಒಬ್ಬ ಕಾರ್ಯಕರ್ತರನ್ನು 9 ತಿಂಗಳು ಜೊತೆಗಿರಿಸಿದ ಪ್ರಯೋಗವೊಂದರ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಒಂದೂವರೆ ವರ್ಷದ ಅವಧಿಯಲ್ಲಿ ಅವರು ಸರಾಸರಿ 30 ರಾತ್ರಿ ಬೀದಿ ಪಾಲಾಗಿದ್ದರೆ, ಆ ನೆರವಿಲ್ಲದವರು 91 ರಾತ್ರಿ ಬೀದಿ ಪಾಲಾಗಿದ್ದರು. ನಮ್ಮ ಪಕ್ಕದ ಮಹಾರಾಷ್ಟ್ರದ ಕರ್ಜತ್‌ನಲ್ಲಿ ಬೀದಿಯ ಮನೋರೋಗಿಗಳಿಗೆ ಚಿಕಿತ್ಸೆ ಕೊಟ್ಟು ಮನೆ ಸೇರಿಸುವ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನದ ಡಾ. ಭರತ್ ವಾಟವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿಯೂ ಮೊದಲು ಚಿಕಿತ್ಸೆ, ಆಮೇಲೆ ಮನೆ.

ಇಲ್ಲಿ ಆ ಒಂಬತ್ತು ತಿಂಗಳ ಕೆಲಸವನ್ನು ಯಾರು ಮಾಡಬೇಕು? ಬಹುತೇಕ ಅಡಚಣೆ ಬರುವುದು ಮಾತ್ರೆ ನಿಂತುಹೋಗುವುದರಿಂದ. ಆಸ್ಪತ್ರೆ ಕೊಟ್ಟ ಒಂದು ತಿಂಗಳ ಮಾತ್ರೆ ಮುಗಿಯುತ್ತದೆ, ಗುಣವಾಯಿತಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ, ಕೆಲವು ವಾರಗಳಲ್ಲಿ ನಿದ್ದೆ ಕೆಡುತ್ತದೆ, ಅನುಮಾನ ಶುರುವಾಗುತ್ತದೆ, ಒಂದು ಬೆಳಗ್ಗೆ ಹಾಸಿಗೆ ಖಾಲಿಯಿರುತ್ತದೆ. ಆದ್ದರಿಂದ ಮನೆ ಮುಟ್ಟಿಸುವ ಮೊದಲೇ ಆ ತಾಲ್ಲೂಕು ಆಸ್ಪತ್ರೆಗೆ ಚಿಕಿತ್ಸೆಯ ಪತ್ರ ತಲುಪಿರಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ನಡೆಯುತ್ತದೆ, ಔಷಧಿ ಉಚಿತ. ಮುಂದಿನ ಮಂಗಳವಾರ ಯಾವುದು ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಗೋಡೆಗೆ ತೂಗುಹಾಕಿಯೇ ಬರಬೇಕು. ಪಡಿತರ ಚೀಟಿಯಿಂದ ಅಳಿಸಿಹೋದ ಹೆಸರು ಮತ್ತೆ ಸೇರಬೇಕು. ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿರುವುದರಿಂದ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಮಾಸಾಶನಕ್ಕೂ ಅರ್ಜಿ ಹಾಕಬಹುದು. ತಿಂಗಳಿಗೆ ಸ್ವಲ್ಪ ಹಣ ಅವರ ಹೆಸರಿಗೇ ಬಂದರೆ ಮನೆಯಲ್ಲಿ ಅವರ ಮಾತಿಗೂ ಸ್ವಲ್ಪ ತೂಕ ಬರುತ್ತದೆ. ಇದನ್ನೆಲ್ಲ ಆಸ್ಪತ್ರೆಯವರು, ಪಿಡಿಒ, ಆಶಾ ಕಾರ್ಯಕರ್ತೆ ಹಂಚಿಕೊಂಡು ಮಾಡಬಹುದು. ನಿಮ್ಮಂಥವರು ಮಾಡಬಹುದಾದದ್ದೂ ಒಂದಿದೆ: ಹದಿನೈದು ದಿನಕ್ಕೊಮ್ಮೆ ಒಂದು ಫೋನ್. ಮನೆಯವರಿಗೆ ಬೇಸರವಾದಾಗ ಹೇಳಿಕೊಳ್ಳಲು, ಮನೆ ಸೇರಿದವರಿಗೆ ಹೆದರಿಕೆಯಾದಾಗ ಕೇಳಲು ಪರಿಚಿತ ಸಂಖ್ಯೆಯೊಂದು ಇರುವುದು ದೊಡ್ಡ ಆಸರೆ.

ಎಲ್ಲ ಮಾಡಿಯೂ ಅವರು ಊರಿಗೆ ಹೋಗಲು ಒಪ್ಪದಿದ್ದರೆ ಅಥವಾ ಅಣ್ಣನೇ ಬೇಡವೆಂದುಬಿಟ್ಟರೆ, ಕೆಲಸ ಸೋತಿತೆಂದು ತಿಳಿಯಬೇಡಿ. ಅಕ್ಕನ ಮಗನೋ ಸೋದರಮಾವನೋ ಮುಂದೆ ಬಂದ ಉದಾಹರಣೆಗಳಿವೆ. ಆಶ್ರಯ ಕೇಂದ್ರದಲ್ಲಿದ್ದುಕೊಂಡೇ ಕೈಗೆ ಒಂದು ಕೆಲಸ ಹಚ್ಚಿಕೊಂಡು, ಹಬ್ಬಕ್ಕೆ ಮಾತ್ರ ಊರಿಗೆ ಹೋಗಿಬರುವ ಸಂಬಂಧವೂ ಸಂಬಂಧವೇ. ಒಂದೇ ಸೂರಿನಡಿ ಇರಲೇಬೇಕೆಂಬ ಹಟ ಯಾರಿಗೂ ಬೇಡ.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಊರಿನ ಮಾತು ಬಿಟ್ಟು ಅವರನ್ನು ಹೆಸರು ಹಿಡಿದು ಮಾತಾಡಿಸಿ. ಕಾಲಲ್ಲಿ ಗಾಯ, ಜ್ವರ, ಕೆಮ್ಮು ಇದೆಯೇ ನೋಡಿ, ಇದ್ದರೆ ಅದನ್ನೇ ನೆಪ ಮಾಡಿಕೊಂಡು ಚಿಗಟೇರಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಠಾಣೆಗೆ ಬರೆದು ಕೊಡಿ. ನಿಮ್ಮ ಅಂಗಡಿಯ ಹೆಸರು ಮತ್ತು ಫೋನ್ ಸಂಖ್ಯೆಯಿರುವ ಚೀಟಿಯೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅವರ ಜೇಬಿಗೆ ಕೊಡಿ, ಏಕೆಂದರೆ ಅವರು ಎದ್ದು ಹೋಗುವ ದಿನ ಎಲ್ಲಿ ಸಿಕ್ಕರೂ ಸಿಕ್ಕವರಿಗೆ ಕರೆ ಮಾಡಲು ಒಂದು ಸಂಖ್ಯೆ ಇರಬೇಕು. ವಿಡಿಯೊ ಮಾಡಲು ಬರುವ ಪಕ್ಕದ ಅಂಗಡಿಯವರಿಗೆ ಬೇಡವೆನ್ನುವಾಗ ಸಿಟ್ಟಾಗಬೇಡಿ. ಅವರಿಗೂ ಕಾಳಜಿ ಇದೆ, ಮನೆದೇವರ ಪ್ರಶ್ನೆಯನ್ನು ನಾಳೆ ಅವರಿಂದಲೇ ಕೇಳಿಸಿ.